ಆರೋಗ್ಯದ ಪಾಠಕ್ಕೆ ಪೀರಿಯಡ್ ಎಲ್ಲಿದೆ? ಕೊಡಗಿನ ಪ್ರೌಢಶಾಲಾ ಶಿಕ್ಷಕರಿಗೊಂದು ಮಾರ್ಗದರ್ಶಿ

ಜೂನ್ ತಿಂಗಳಲ್ಲಿ ಕೊಡಗಿನ ಯಾವ ಪ್ರೌಢಶಾಲೆಯ ಶಿಕ್ಷಕರ ಕೊಠಡಿಗೆ ಹೋದರೂ ಒಂದೇ ಲೆಕ್ಕಾಚಾರ ಕಿವಿಗೆ ಬೀಳುತ್ತದೆ. ಮಳೆ ರಜೆ ಎಷ್ಟು ದಿನ ನುಂಗೀತು, ಅದನ್ನು ಯಾವ ಶನಿವಾರಗಳಲ್ಲಿ ತುಂಬಿಕೊಳ್ಳಬೇಕು, ಹತ್ತನೇ ತರಗತಿಯ ಪಾಠ ಡಿಸೆಂಬರ್ ಒಳಗೆ ಮುಗಿದೀತೇ? ಇಂಥ ಹೊತ್ತಿನಲ್ಲಿ ಆರೋಗ್ಯ ಶಿಕ್ಷಣದ ಸುತ್ತೋಲೆ ಬಂದರೆ ಅದು ಕಡತ ಸೇರಿ ತಣ್ಣಗಾಗುವುದು ಸಹಜ. ಒಂದು ಭಾಷಣ, ಒಂದು ಭಿತ್ತಿಪತ್ರ, ಒಂದು ಫೋಟೋ. ಅಲ್ಲಿಗೆ ವರದಿ ಸಿದ್ಧ.

ಆರೋಗ್ಯ ಶಿಕ್ಷಣಕ್ಕೆಂದು ಬೇರೆ ಪೀರಿಯಡ್ ಹುಡುಕುವ ಕೆಲಸವನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಗಣಿತಕ್ಕೆ ಬೇಕಾದ ಅಂಕಿ-ಅಂಶ, ರಸಾಯನಶಾಸ್ತ್ರಕ್ಕೆ ಬೇಕಾದ ಪ್ರಯೋಗ, ಕನ್ನಡ ಪಾಠಕ್ಕೆ ಬೇಕಾದ ಬರವಣಿಗೆಯ ವಸ್ತು, ಎಲ್ಲವೂ ಮಕ್ಕಳ ಮೈಯಲ್ಲಿ ಮತ್ತು ಅಡುಗೆಮನೆಯಲ್ಲಿ ಇವೆ. ಅವನ್ನು ಇರುವ ಪೀರಿಯಡ್‌ಗಳಿಗೇ ತಂದರೆ ಪಾಠವೂ ಮುಂದೆ ಸಾಗುತ್ತದೆ, ಆರೋಗ್ಯದ ತಿಳಿವೂ ಬರುತ್ತದೆ. ಹೇಗೆ ಎಂಬುದನ್ನು ವರ್ಷದ ಕ್ರಮದಲ್ಲೇ ಹೇಳುತ್ತೇನೆ. ಎಲ್ಲವನ್ನೂ ಒಂದೇ ವರ್ಷ ಮಾಡಲು ಹೋಗಬೇಡಿ. ಮೂರು ಮಾಡಿದರೆ ಧಾರಾಳವಾಯಿತು.

ಹಾಜರಿ ಪುಸ್ತಕದಿಂದ ಶುರು ಮಾಡಿ

ಹೋದ ವರ್ಷದ ಹಾಜರಿ ಪುಸ್ತಕವನ್ನು ತೆಗೆಯಿರಿ. ಹೆಸರುಗಳನ್ನು ಮುಚ್ಚಿ, ತಿಂಗಳವಾರು ಗೈರುಹಾಜರಿಯ ಮೊತ್ತವನ್ನಷ್ಟೇ ಒಂದು ಹಾಳೆಗೆ ಇಳಿಸಿ ಒಂಬತ್ತನೇ ತರಗತಿಯ ಗಣಿತ ಪೀರಿಯಡ್‌ಗೆ ಕೊಡಿ. ಸ್ತಂಭಾಲೇಖ ಬರೆಯಲು ಪಠ್ಯಪುಸ್ತಕದಲ್ಲಿರುವ ಯಾವುದೋ ಊರಿನ ಬಸ್ ಪ್ರಯಾಣಿಕರ ಲೆಕ್ಕಕ್ಕಿಂತ ಇದು ಮಕ್ಕಳನ್ನು ಬೇಗ ಹಿಡಿಯುತ್ತದೆ. ಜುಲೈ-ಆಗಸ್ಟ್‌ನ ಮಳೆಗಾಲದಲ್ಲೊಂದು, ಡಿಸೆಂಬರ್‌ನಿಂದಾಚೆ ಕಾಫಿ ಕೊಯ್ಲಿನ ಕಾಲದಲ್ಲೊಂದು, ಹೀಗೆ ಎರಡು ದಿಬ್ಬಗಳು ಕಂಡರೆ ಅಚ್ಚರಿಪಡಬೇಡಿ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಮತ್ತು ಆದಿವಾಸಿಗಳ ಹಾಡಿಗಳಿಂದ ಬರುವ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಎರಡನೆಯ ದಿಬ್ಬ ಎದ್ದು ಕಾಣಬಹುದು.

ಹತ್ತನೇ ತರಗತಿಗೆ ಸರಾಸರಿ, ಮಧ್ಯಾಂಕ, ಬಹುಲಕ ಹೇಗೂ ಇದೆ. ಯಾರೋ ಒಬ್ಬರು 40 ದಿನ ಗೈರಾದರೆ ಇಡೀ ತರಗತಿಯ ಸರಾಸರಿ ಮೇಲೇಳುತ್ತದೆ, ಮಧ್ಯಾಂಕ ಮಾತ್ರ ಇದ್ದಲ್ಲೇ ಇರುತ್ತದೆ. ಏಕೆ ಎಂದು ಕೇಳಿ. ಸೂತ್ರ ಬಾಯಿಪಾಠವಿದ್ದೂ ಅರ್ಥ ಗೊತ್ತಿಲ್ಲದ ಮಕ್ಕಳು ಇಲ್ಲಿ ಮೊದಲ ಸಲ ಯೋಚಿಸತೊಡಗುತ್ತಾರೆ.

ಈ ವರ್ಷಕ್ಕೆ ಇನ್ನೊಂದು ಕೆಲಸವಿದೆ. ರಜೆ ಮುಗಿಸಿ ಬಂದ ಮಗು ಒಂದು ಚೀಟಿಯಲ್ಲಿ ಕಾರಣದ ಸಂಕೇತವನ್ನಷ್ಟೇ ಬರೆದು ಡಬ್ಬಿಗೆ ಹಾಕಲಿ: ಜ್ವರ, ಹೊಟ್ಟೆನೋವು, ಬಸ್ಸಿಲ್ಲ, ಮನೆಕೆಲಸ, ಕೊಯ್ಲು, ಆನೆ. ಆನೆಯನ್ನು ಬಿಡಬೇಡಿ. ತೋಟದ ದಾರಿಯಲ್ಲಿ ಆನೆ ನಿಂತಿದ್ದರಿಂದ ತಪ್ಪಿದ ದಿನಗಳು ನಮ್ಮಲ್ಲಿ ಕಥೆಯಾಗಿ ಉಳಿಯುತ್ತವೆಯೇ ಹೊರತು ಲೆಕ್ಕಕ್ಕೆ ಬರುವುದಿಲ್ಲ. ಚೀಟಿಯಲ್ಲಿ ಹೆಸರು ಬೇಡ. "ಹೊಟ್ಟೆನೋವು" ಎಂದು ಬರೆದವರನ್ನು ಹುಡುಕಿ ವಿಚಾರಿಸುವುದೂ ಬೇಡ. ಅದರಲ್ಲಿ ಒಂದು ಪಾಲು ಮುಟ್ಟಿನ ದಿನಗಳದ್ದಾಗಿರುತ್ತದೆ. ಆ ಸಂಖ್ಯೆ ದೊಡ್ಡದಾಗಿದ್ದರೆ ನೋಡಬೇಕಾದದ್ದು ಹೆಣ್ಣುಮಕ್ಕಳ ಶೌಚಾಲಯವನ್ನು. ನೀರು ಬರುತ್ತದೆಯೇ, ಒಳಗಿನಿಂದ ಚಿಲಕ ಬೀಳುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ ಇದೆಯೇ, ಶುಚಿ ಯೋಜನೆಯ ಪ್ಯಾಡ್‌ಗಳು ಬೀರುವಿನಲ್ಲಿ ಬೀಗದೊಳಗಿವೆಯೇ ಅಥವಾ ಕೇಳದೆಯೇ ಕೈಗೆ ಸಿಗುತ್ತವೆಯೇ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಈ ಪಟ್ಟಿಯನ್ನೂ ಮಕ್ಕಳೇ ಬರೆದ ಆಲೇಖವನ್ನೂ ಒಟ್ಟಿಗೆ ಒಯ್ಯಿರಿ. ಬರೀ ಮನವಿಗಿಂತ ಆಲೇಖದ ಮಾತು ಹೆಚ್ಚು ತೂಗುತ್ತದೆ.

ಶಾಲೆಗೆ ಈಗಾಗಲೇ ಬರುತ್ತಿರುವುದನ್ನು ಬಳಸಿ

ಹೊಸದನ್ನು ಹುಡುಕುವ ಮುನ್ನ ಇರುವುದನ್ನು ಎಣಿಸಿಕೊಳ್ಳಿ. ಆಯುಷ್ಮಾನ್ ಭಾರತದ ಅಡಿಯಲ್ಲಿ 2020ರ ಫೆಬ್ರುವರಿಯಲ್ಲಿ ಶುರುವಾದ ಶಾಲಾ ಆರೋಗ್ಯ ಮತ್ತು ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ, ಆರೋಗ್ಯ ರಾಯಭಾರಿಗಳಾಗಿರಬೇಕು. ಅದರ ಪಠ್ಯದಲ್ಲಿ 11 ವಿಷಯಗಳಿವೆ. ಬೆಳವಣಿಗೆ, ಮನಸ್ಸಿನ ಆರೋಗ್ಯ, ಆಹಾರ, ಮಾದಕ ವಸ್ತು, ಹಿಂಸೆಯಿಂದ ರಕ್ಷಣೆ, ಅಂತರ್ಜಾಲದ ಸುರಕ್ಷಿತ ಬಳಕೆ ಎಲ್ಲವೂ ಅದರೊಳಗೆ ಬರುತ್ತವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಸಿಗುತ್ತದೆ. ಫೆಬ್ರುವರಿ 10 ಮತ್ತು ಆಗಸ್ಟ್ 10 ಜಂತುಹುಳು ನಿವಾರಣಾ ದಿನಗಳು. ಮಧ್ಯಾಹ್ನದ ಬಿಸಿಯೂಟವಂತೂ ದಿನವೂ ಇದ್ದೇ ಇದೆ.

ತಪಾಸಣೆಯ ತಂಡ ಬರುವ ದಿನಕ್ಕೆ ತರಗತಿಯನ್ನು ಅಣಿಗೊಳಿಸಿ. ಹಿಂದಿನ ವಾರ 6 ಮೀಟರ್ ಅಳೆದು ಗೋಡೆಗೆ ಅಕ್ಷರದ ಪಟ್ಟಿ ಅಂಟಿಸಿ, ಎರಡು ಕಣ್ಣುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದನ್ನು ಮಕ್ಕಳಿಗೇ ಕಲಿಸಿ. ಬೆಳಕಿನ ಪಾಠದ ಸಮೀಪದೃಷ್ಟಿ, ನಿಮ್ನ ಮಸೂರ ಎಲ್ಲವೂ ಅಲ್ಲೇ ಬಂದಾಯಿತು. ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆಯದ "ಸೋಮಾರಿ" ಒಬ್ಬನಿಗೆ ಬೋರ್ಡೇ ಕಾಣುತ್ತಿಲ್ಲ ಎಂಬುದು ಬಹಳ ಸಲ ಬೆಳಕಿಗೆ ಬರುವುದು ಹೀಗೆಯೇ.

ಕಬ್ಬಿಣದ ಪಾಠ: ಇದಕ್ಕೆ ಸಮಯ ಕೊಡಿ

ಒಂದೇ ಒಂದು ವಿಷಯ ಆರಿಸಿಕೊಳ್ಳಿ ಎಂದರೆ ನಾನು ರಕ್ತಹೀನತೆಯನ್ನು ಆರಿಸುತ್ತೇನೆ. ಕಬ್ಬಿಣ ಕಡಿಮೆಯಾದ ಮಗು ಬೇಗ ದಣಿಯುತ್ತದೆ, ಗಮನ ನಿಲ್ಲುವುದಿಲ್ಲ, ಮೂರನೇ ಪೀರಿಯಡ್‌ಗೆ ತಲೆ ಮೇಜಿಗೆ ಬರುತ್ತದೆ. ಕಲಿಕೆಗೂ ಆರೋಗ್ಯಕ್ಕೂ ಇಷ್ಟು ನೇರವಾದ ನಂಟು ಬೇರೆ ಕಡೆ ಸಿಗುವುದು ಅಪರೂಪ. ಮೇಲಾಗಿ, ಈ ಒಂದೇ ವಿಷಯ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಮುಟ್ಟುತ್ತದೆ.

ಮೊದಲ ವಾರ, ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠ ಬಂದಾಗ, ಹಿಮೋಗ್ಲೋಬಿನ್ ಬಗ್ಗೆ ಎರಡು ಸಾಲು ಓದಿ ದಾಟಬೇಡಿ. ನೀಲಿ ಮಾತ್ರೆಯ ಪಟ್ಟಿಯನ್ನು ತರಗತಿಗೆ ತನ್ನಿ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮಿಲಿ, ಮೈಕ್ರೋ ಎಂಬ ಮಾನಗಳ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಡ. ಹದಿನೈದು ದಾಟಿದ ಹುಡುಗಿಯರಿಗೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ 12 ಗ್ರಾಂ, ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ. ಹನ್ನೆರಡರಿಂದ ಹದಿನಾಲ್ಕರವರೆಗೆ ಇಬ್ಬರಿಗೂ 12. ಹುಡುಗರಿಗೂ ರಕ್ತಹೀನತೆ ಬರುತ್ತದೆ ಎಂಬ ಮಾತು ಹುಡುಗರಿಗೆ ಹೊಸತಾಗಿರುತ್ತದೆ.

ಎರಡನೇ ವಾರದ್ದು ಪ್ರಯೋಗ. ಪ್ರಯೋಗಾಲಯದಲ್ಲಿ ಫೆರಸ್ ಸಲ್ಫೇಟ್ ಹರಳುಗಳು ಇದ್ದೇ ಇರುತ್ತವೆ. ಕಾಯಿಸಿ ವಿಭಜನೆ ತೋರಿಸಲು ತರಿಸಿದ್ದು. ತಿಳಿಯಾದ, ಹಾಲಿಲ್ಲದ ಚಹಾವನ್ನು ಎರಡು ಪ್ರನಾಳಗಳಿಗೆ ಹಾಕಿ. ಒಂದಕ್ಕೆ ಫೆರಸ್ ಸಲ್ಫೇಟ್ ದ್ರಾವಣದ ಕೆಲವು ಹನಿ ಬಿಡಿ. ಅದು ಮಸಿಯಂತೆ ಕಪ್ಪಾಗುತ್ತ ಹೋಗುತ್ತದೆ. ಚಹಾದ ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದುಕೊಂಡಿವೆ. ಈಗ ನಿಂಬೆರಸ ಹಿಂಡಿ, ಬಣ್ಣ ತಿಳಿಯಾಗುವುದನ್ನು ನೋಡಲಿ. ವಿಟಮಿನ್ ಸಿ ಫೆರಿಕ್ ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ಫೆರಸ್ ರೂಪಕ್ಕೆ ತರುತ್ತದೆ, ಅಂದರೆ ಅಪಕರ್ಷಣ. ಸಮೀಕರಣವನ್ನು ಅದೇ ದಿನ ಬೋರ್ಡಿನ ಮೇಲೆ ಬರೆಯಿಸಿ. ಪ್ರನಾಳದಲ್ಲಿರುವುದನ್ನು ಯಾರೂ ರುಚಿ ನೋಡಕೂಡದು ಎಂಬ ಎಚ್ಚರಿಕೆಯನ್ನು ಮೊದಲೇ ಕೊಟ್ಟಿರಿ. ಹತ್ತನೇ ತರಗತಿಯಲ್ಲೂ ಅಂಥ ಧೀರರು ಇದ್ದೇ ಇರುತ್ತಾರೆ.

ಈ ಪ್ರಯೋಗಕ್ಕೆ ಕೊಡಗಿನಲ್ಲಿ ಬೇರೆಯೇ ಬಿಸಿ ಇದೆ. ನಮ್ಮ ಮಕ್ಕಳ ಬೆಳಗು ಬೆಲ್ಲದ ಕಾಫಿಯಿಂದ ಆರಂಭವಾಗುತ್ತದೆ. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಯಾವುದೇ ಇರಲಿ, ಪಕ್ಕದಲ್ಲಿ ಕಾಫಿ ಇರುತ್ತದೆ. ಚಹಾದ ಹಾಗೆಯೇ ಕಾಫಿಯೂ ಊಟದಲ್ಲಿನ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ನಿಂತು ಕಾಫಿ ಕೆಟ್ಟದ್ದು ಎಂದು ಹೇಳಿದರೆ ಸಂಜೆಯೊಳಗೆ ಪೋಷಕರ ಫೋನ್ ಬರುತ್ತದೆ. ಹಾಗೆ ಹೇಳುವ ಅಗತ್ಯವೂ ಇಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಲಿ, ನೀಲಿ ಮಾತ್ರೆಯನ್ನು ಕಾಫಿ-ಚಹಾದೊಂದಿಗೆ ನುಂಗದಿರಲಿ, ಊಟದ ಜೊತೆ ಕಿತ್ತಳೆ, ನೆಲ್ಲಿಕಾಯಿ ಅಥವಾ ನಿಂಬೆ ಇರಲಿ. ಇಷ್ಟೇ ಮಾತು. ಬೆಲ್ಲದಲ್ಲಿ ಕಬ್ಬಿಣವಿದೆ, ಹಾಗಾಗಿ ಬೆಲ್ಲದ ಕಾಫಿ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವನ್ನು ನೀವು ಕೊಡಬೇಡಿ. ಪ್ರಯೋಗ ನೋಡಿದ ತರಗತಿಯೇ ವಾದಿಸಿ ತೀರ್ಮಾನಿಸಲಿ.

ಮಾತ್ರೆಯನ್ನು ಬಿಸಿಯೂಟದ ನಂತರವೇ ಕೊಡಿ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ ಒಬ್ಬ ಹುಡುಗಿಯ ಕಥೆ ಇಡೀ ಶಾಲೆಯನ್ನು ಮಾತ್ರೆಯಿಂದ ದೂರ ಓಡಿಸುತ್ತದೆ. ಮಲ ಕಪ್ಪಾಗುವುದು ಸಹಜ ಎಂಬುದನ್ನು ಮುಂಚಿತವಾಗಿ ತಿಳಿಸಿ, ಇಲ್ಲದಿದ್ದರೆ ಹೆದರುತ್ತಾರೆ.

ಮೂರನೇ ವಾರ ಅನುವಂಶೀಯತೆ ಮತ್ತು ಸಂಭವನೀಯತೆ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಅನುವಂಶೀಯವಾಗಿ ಬರುವ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಇದೆ. ಇದನ್ನು 2047ರೊಳಗೆ ತೊಡೆದುಹಾಕುವ ಗುರಿಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಗಿದೆ. ಬಟಾಣಿ ಗಿಡದ ಎತ್ತರ-ಗಿಡ್ಡದಲ್ಲೇ ನಿಂತುಬಿಡುವ, ಮೆಂಡಲನ ಪಾಠದ ಪನೆಟ್ ಚೌಕವನ್ನು ಇಲ್ಲಿಗೆ ತನ್ನಿ. ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ಒಂದು ಜೀನ್ ಹೊತ್ತವರಾಗಿದ್ದರೆ, ಮಗುವಿಗೆ ಕಾಯಿಲೆ ಬರುವ ಸಂಭವ 4ರಲ್ಲಿ 1. "ಹಾಗಾದರೆ ಮೂರು ಮಕ್ಕಳು ಆರೋಗ್ಯವಾಗಿದ್ದರೆ ನಾಲ್ಕನೆಯದಕ್ಕೆ ಖಂಡಿತ ಬರುತ್ತದೆಯೇ?" ಎಂದು ಕೇಳಿ. ಅರ್ಧ ತರಗತಿ ಹೌದೆನ್ನುತ್ತದೆ. ಎರಡೆರಡು ನಾಣ್ಯ ಕೊಟ್ಟು ಚಿಮ್ಮಿಸಿ, ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬುದು ಕೈಯಿಂದ ತಲೆಗೆ ಹತ್ತಲಿ. ಪರೀಕ್ಷೆಯ ಸಂಭವನೀಯತೆಯ ಪ್ರಶ್ನೆಗೂ ಇದೇ ತಯಾರಿ.

ಒಂದು ಕಟ್ಟುನಿಟ್ಟು ಪಾಲಿಸಿ. ಈ ಪಾಠದಲ್ಲಿ ಯಾವ ಸಮುದಾಯದ ಹೆಸರನ್ನೂ ಮಗುವಿನ ಮುಖ ನೋಡಿ ಹೇಳಬೇಡಿ, ಯಾರ ತಪಾಸಣೆಯ ಫಲಿತಾಂಶವನ್ನೂ ತರಗತಿಯಲ್ಲಿ ಎತ್ತಬೇಡಿ. ವಾಹಕತ್ವ ಕಾಯಿಲೆ ಅಲ್ಲ, ಮುಟ್ಟಿದರೆ ಅಂಟುವುದಿಲ್ಲ ಎಂಬುದು ನೋಟ್‌ಬುಕ್ಕಿನಲ್ಲಿ ಬರೆಯಿಸಬೇಕಾದ ವಾಕ್ಯ. ಕುಡಗೋಲು ಕಣ ಅಥವಾ ಥಲಸೀಮಿಯಾ (ಇನ್ನೊಂದು ಅನುವಂಶೀಯ ರಕ್ತದ ಕಾಯಿಲೆ) ಇದೆ ಎಂದು ಗೊತ್ತಿರುವ ಮಗುವಿಗೆ ಕಬ್ಬಿಣದ ಮಾತ್ರೆಯನ್ನು ವೈದ್ಯರು ಹೇಳದೆ ಕೊಡಲೇಬೇಡಿ.

ಕಕ್ಕಡದ ಅಡುಗೆ, ಅಜ್ಜಿಯ ಮಾತು

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ ಮಾಸ. ಹೊರಗೆ ಹೋಗಲಾಗದ ಮಳೆ, ಮನೆಯಲ್ಲಿ ಕಣಿಲೆ, ಕೆಸುವಿನ ಸೊಪ್ಪು, ಏಡಿ, ಅಣಬೆ. ಕನ್ನಡ ಶಿಕ್ಷಕರಿಗೆ ಇದು ಸುಗ್ಗಿ. ಮಗು ಮನೆಯ ಹಿರಿಯರೊಬ್ಬರನ್ನು ಸಂದರ್ಶಿಸಿ, ಒಂದು ಮಳೆಗಾಲದ ಅಡುಗೆ ಮತ್ತು ಅದರ ಕುರಿತ ನಂಬಿಕೆಯನ್ನು ಬರೆದು ತರಲಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ, ಅಸ್ಸಾಮಿನಿಂದ ಬಂದ ಮಗುವಿಗೆ ಅಸ್ಸಾಮಿ, ಕೇಳಿದ ನುಡಿ ಯಾವುದಾದರೂ ಸರಿ, ತರಗತಿಗೆ ತರುವುದು ಶುದ್ಧ ಬರಹದ ಕನ್ನಡದಲ್ಲಿ. ಭಾಷಾಂತರ, ವರದಿ, ಪ್ರಬಂಧ ಮೂರೂ ಒಂದೇ ಕೆಲಸದಲ್ಲಿ ಆಗುತ್ತವೆ. ಕನ್ನಡ ಮನೆಮಾತಲ್ಲದ ಮಗು ಅಂದು ತರಗತಿಯ ತಜ್ಞನಾಗುತ್ತದೆ. ಇದು ಸಣ್ಣ ಲಾಭವೇನಲ್ಲ.

ನಂತರ ವಿಜ್ಞಾನದ ಸರದಿ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು, ಬೇಯಿಸಿದ ನೀರನ್ನು ಚೆಲ್ಲುವುದೇಕೆ? ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ವಸ್ತುವಿದೆ. ನೆನೆಸಿ ಬೇಯಿಸಿದಾಗ ಅದು ಹೋಗುತ್ತದೆ. ಕೆಸುವಿಗೆ ಹುಳಿ ಹಾಕುವುದೇಕೆ? ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳು ಗಂಟಲು ತುರಿಸುತ್ತವೆ. ಅಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಎಲ್ಲ ನಂಬಿಕೆಯೂ ಹೀಗೆ ನೆಟ್ಟಗೆ ಗೆಲ್ಲುವುದಿಲ್ಲ, ಪಾಠ ಸ್ವಾರಸ್ಯಕರವಾಗುವುದೂ ಅಲ್ಲಿಯೇ. ಕಕ್ಕಡ 18ರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಸೊಪ್ಪಿನಲ್ಲಿ ದಿನಕ್ಕೊಂದರಂತೆ ಔಷಧಿ ಗುಣ ಸೇರುತ್ತ ಹದಿನೆಂಟನೇ ದಿನಕ್ಕೆ ಹದಿನೆಂಟೂ ಕೂಡಿರುತ್ತವೆ ಎಂಬುದು ಹಿರಿಯರ ಮಾತು. ಇದನ್ನು ನಗಬೇಡಿ, ತಲೆಬಾಗಿ ಒಪ್ಪಲೂ ಬೇಡಿ; ಇದರಲ್ಲಿ ಪರೀಕ್ಷಿಸಬಹುದಾದದ್ದು ಏನು ಎಂದು ತರಗತಿಗೆ ಕೇಳಿ. ಕಕ್ಕಡ 1, 9, 18ರಂದು ಒಂದೇ ಗಿಡದಿಂದ ಸಮತೂಕದ ಎಲೆ ಕೊಯ್ದು, ಸಮಪ್ರಮಾಣದ ನೀರಿನಲ್ಲಿ ಅಷ್ಟೇ ಹೊತ್ತು ಕುದಿಸಿ, ಬಿಳಿ ಕಾಗದದ ಮೇಲೆ ಬಣ್ಣ ಹೋಲಿಸಲಿ. ಬಣ್ಣ ಗಾಢವಾದರೆ ಬಣ್ಣದ ಅಂಶ ಹೆಚ್ಚಿತು ಎನ್ನಬಹುದು, ಔಷಧಿ ಹೆಚ್ಚಿತು ಎನ್ನಬಹುದೇ? ಈ ಒಂದು ಪ್ರಶ್ನೆಯನ್ನು ಸರಿಯಾಗಿ ಬಿಡಿಸಿದ ಮಗು ನಾಳೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಮನೆಮದ್ದಿನ ಸಂದೇಶವನ್ನೂ ಅದೇ ಕಣ್ಣಿನಿಂದ ನೋಡುತ್ತದೆ. ಪಾಯಸ ಉಂಡ ಮೇಲೆ ಮೂತ್ರ ಕೆಂಪಗಾದರೆ ಗಾಬರಿ ಬೇಡ. ಮದ್ದು ಸೊಪ್ಪು ತಿನ್ನದೆ ಕೆಂಪಗಾದರೆ ವೈದ್ಯರನ್ನು ಕಾಣಬೇಕು ಎಂಬುದನ್ನು ಮರೆಯದೆ ಸೇರಿಸಿ. ಕಾಡು ಅಣಬೆಯ ವಿಷಯದಲ್ಲಿ ಮಾತ್ರ ಶಾಲೆಯಲ್ಲಿ ಪ್ರಯೋಗ ಬೇಡವೇ ಬೇಡ. ವಿಷದ ಅಣಬೆ ಗುರುತಿಸಲು ಬೆಳ್ಳಿ ಚಮಚದಂಥ ಯಾವ ಸುಲಭ ಪರೀಕ್ಷೆಯೂ ಕೆಲಸಕ್ಕೆ ಬರುವುದಿಲ್ಲ.

ಮಳೆಯ ಲೆಕ್ಕ, ಮಳೆಯ ಭಯ

ಕೊಡಗಿನ ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು ದಿನಚರಿ ಬರೆಯುವ ರೂಢಿ ಇದೆ, ಅದೂ ಇಂಚು ಮತ್ತು ಸೆಂಟ್‌ಗಳಲ್ಲಿ. ನೂರು ಸೆಂಟ್ ಒಂದು ಇಂಚು, ಒಂದು ಇಂಚು 25.4 ಮಿಲಿಮೀಟರ್. ಶಾಲೆಯ ಹತ್ತಿರದ ತೋಟವೊಂದರಿಂದ ಜೂನ್-ಆಗಸ್ಟ್‌ನ ಲೆಕ್ಕ ಪಡೆದು, ಮಿಲಿಮೀಟರಿಗೆ ಪರಿವರ್ತಿಸಿ, ಮೊದಲು ಮಾಡಿದ ಗೈರುಹಾಜರಿಯ ಆಲೇಖದ ಪಕ್ಕಕ್ಕೆ ಇಡಿ. ಜ್ವರದ ಚೀಟಿಗಳು ಮಳೆ ಜೋರಾಗಿದ್ದಾಗ ಹೆಚ್ಚೋ, ಮಳೆ ಬಿಟ್ಟ ಮೇಲೆ ಹೆಚ್ಚೋ? ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನಿಂತ ನೀರು ಚೆಲ್ಲಬೇಕು ಎಂಬುದು ಘೋಷಣೆಯಾಗಿ ಉಳಿಯದೆ ಲೆಕ್ಕವಾಗುತ್ತದೆ. ಅಡಿಕೆ ಹಾಳೆ, ಒಡೆದ ಡ್ರಮ್, ಹಳೆಯ ಟಯರ್‌ಗಳ ಪಟ್ಟಿ ಮಾಡಲು ಎಂಟನೇ ತರಗತಿಯವರನ್ನು ಕಳುಹಿಸಿ.

ಮಳೆಗೆ ಇನ್ನೊಂದು ಮುಖವಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮತ್ತು ಸುತ್ತಲಿನ ಊರುಗಳಲ್ಲಿ ಗುಡ್ಡ ಕುಸಿದಾಗ ಇಂದಿನ ಪ್ರೌಢಶಾಲಾ ಮಕ್ಕಳು ಪುಟ್ಟವರು. 2019ರಲ್ಲಿ ಮತ್ತೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ. ರಾತ್ರಿ ಮಳೆ ಜೋರಾದರೆ ನಿದ್ದೆ ಬಾರದ ಮನೆಗಳು ಈಗಲೂ ಇವೆ, ನಿದ್ದೆಯಿಲ್ಲದ ಮಗು ಮರುದಿನ ನಿಮ್ಮ ಮೊದಲ ಪೀರಿಯಡ್‌ನಲ್ಲಿ ಕೂತಿರುತ್ತದೆ. ಅಂದು ಏನಾಯಿತು ಹೇಳು ಎಂದು ತರಗತಿಯ ಮುಂದೆ ನಿಲ್ಲಿಸಬೇಡಿ. ಭೂಗೋಳದ ಪಾಠದಲ್ಲಿ ಇಳಿಜಾರು, ಮಣ್ಣು, ನೀರಿನ ದಾರಿಗಳ ಬಗ್ಗೆ ಮಾತಾಡಿ; ಶಾಲೆಯಿಂದ ಸುರಕ್ಷಿತ ಜಾಗಕ್ಕೆ ಹೋಗುವ ದಾರಿಯ ನಕ್ಷೆಯನ್ನು ಅವರಿಂದಲೇ ಬರೆಯಿಸಿ ಒಮ್ಮೆ ನಡೆದು ನೋಡಿ. ಮುಂದೆ ಏನು ಮಾಡಬೇಕೆಂಬುದು ಕೈಯಲ್ಲಿದ್ದರೆ ಭಯದ ಅರ್ಧ ಭಾರ ಇಳಿಯುತ್ತದೆ. ವಾರಗಟ್ಟಲೆ ಮಂಕಾಗಿರುವ, ಊಟ ಬಿಟ್ಟ, ಸಾವಿನ ಮಾತಾಡುವ ಮಗುವಿನ ವಿಷಯದಲ್ಲಿ ಕಾಯಬೇಡಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಹಾಕುವುದರ ಜೊತೆಗೆ ಶೌಚಾಲಯದ ಬಾಗಿಲ ಒಳಬದಿಗೂ ಅಂಟಿಸಿ. ಯಾರೂ ನೋಡದ ಕಡೆ ಬರೆದುಕೊಳ್ಳಲು ಅಲ್ಲಿ ಅನುಕೂಲ.

ಪ್ರಶ್ನೆಪೆಟ್ಟಿಗೆ

ಹದಿಹರೆಯದ ಪಾಠವನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಸುವುದು ನಮ್ಮ ಶಾಲೆಗಳ ಹಳೆಯ ಜಾಣ್ಮೆ. ಓದಿಕೊಳ್ಳುವುದು ಪುಸ್ತಕದಲ್ಲಲ್ಲ, ಮೊಬೈಲ್‌ನಲ್ಲಿ. ಪಾಠಕ್ಕೆ ಹದಿನೈದು ದಿನ ಮೊದಲೇ ಬೀಗವಿರುವ ಪೆಟ್ಟಿಗೆಯೊಂದನ್ನು ಇಡಿ. ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು "ಪ್ರಶ್ನೆ ಇಲ್ಲ" ಎಂದಾದರೂ ಬರೆದು ಹಾಕಲಿ, ಆಗ ಯಾರು ಬರೆದರೆಂದು ಯಾರಿಗೂ ತಿಳಿಯುವುದಿಲ್ಲ. ಚೀಟಿಗಳನ್ನು ಇಬ್ಬರು ರಾಯಭಾರಿ ಶಿಕ್ಷಕರು ಮೊದಲು ಓದಿ ವಿಂಗಡಿಸಿ. ಕೆಲವನ್ನು ಹುಡುಗ-ಹುಡುಗಿಯರಿಗೆ ಬೇರೆ ಬೇರೆಯಾಗಿ ಉತ್ತರಿಸುವುದು ಸಲೀಸು. ಮುಟ್ಟಿನ ವಿಷಯವನ್ನು ಮಾತ್ರ ಒಟ್ಟಿಗೇ ಹೇಳಿ. ಹುಡುಗರು ಅದನ್ನು ವಿಜ್ಞಾನವಾಗಿ ಕೇಳಿಸಿಕೊಂಡ ತರಗತಿಯಲ್ಲಿ ಹುಡುಗಿಯರ ಮೇಲಿನ ಕುಚೋದ್ಯ ಕಡಿಮೆಯಾಗುತ್ತದೆ. ವೈದ್ಯಕೀಯ ಪ್ರಶ್ನೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನ ಆಪ್ತ ಸಮಾಲೋಚಕರಿಗೋ ಬಿಡಿ.

ಚೀಟಿಯಲ್ಲಿ ಅಥವಾ ಮಾತಿನಲ್ಲಿ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ನಿಯಮ ಸ್ಪಷ್ಟ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮಾತು ಕೊಡಬೇಡಿ. ನೀವೇ ತನಿಖೆಗೂ ಇಳಿಯಬೇಡಿ, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ. ಮಕ್ಕಳ ಸಹಾಯವಾಣಿ 1098.

ನೂರು ಗಜ ಅಳೆಯಿರಿ

2003ರ ತಂಬಾಕು ನಿಯಂತ್ರಣ ಕಾಯ್ದೆ ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿತು. ಕರ್ನಾಟಕ ಇದನ್ನು ತಿದ್ದುಪಡಿಯಲ್ಲಿ 100 ಮೀಟರ್ ಮಾಡಿ, ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿದೆ. ಗಜಕ್ಕೂ ಮೀಟರಿಗೂ ಇರುವ ಅಂತರದಲ್ಲಿ ಒಂದು ಅಂಗಡಿ ಬೀಳುತ್ತದೆಯೇ ಎಂದು ಟೇಪು ಹಿಡಿದು ಅಳೆಯುವುದು ಒಂದು ಸೊಗಸಾದ ರೇಖಾಗಣಿತ: ಶಾಲೆಯನ್ನು ಕೇಂದ್ರವಾಗಿಟ್ಟು ವೃತ್ತ ಎಳೆಯುವುದು, 100 ಗಜ ಎಂದರೆ 91.44 ಮೀಟರ್, ವಿಸ್ತೀರ್ಣ ಎಷ್ಟು ಹೆಚ್ಚಿತು? ಅಂಗಡಿಯವರೊಂದಿಗೆ ಜಗಳಕ್ಕೆ ಮಕ್ಕಳನ್ನು ಕಳುಹಿಸಬೇಡಿ. ನಕ್ಷೆಯನ್ನು ಮುಖ್ಯ ಶಿಕ್ಷಕರ ಮೂಲಕ ಪಂಚಾಯಿತಿಗೆ ಕೊಡಿ. ಅಲ್ಲಿಗೆ ಬರೆಯುವ ಪತ್ರವೇ ಕನ್ನಡದ ಪತ್ರಲೇಖನ.

ಮದ್ಯದ ಮಾತು ಇಲ್ಲಿ ಇನ್ನೂ ಸೂಕ್ಷ್ಮ. ಹಿರಿಯರಿಗೆ ಮದ್ಯವನ್ನು ಎಡೆಯಿಡುವ ಮನೆಯಿಂದ ಬಂದ ಮಗುವಿನ ಮುಂದೆ ಕುಡಿತ ಪಾಪ ಎಂದು ಉಪದೇಶಿಸಿದರೆ ಅದು ಕಿವಿ ಮುಚ್ಚಿಕೊಳ್ಳುತ್ತದೆ. ಕುಡಿದು ಬಂದ ತಂದೆಯ ಹೊಡೆತ ತಿಂದು ಬಂದ ಮಗುವಿಗೆ ಅದೇ ಉಪದೇಶ ಅವಮಾನವಾಗುತ್ತದೆ. ಎಳೆಯ ಮೆದುಳು ಇನ್ನೂ ಬೆಳೆಯುತ್ತಿರುವುದರಿಂದ ಚಟ ಬೇಗ ಅಂಟುತ್ತದೆ ಎಂಬ ವಿಜ್ಞಾನ ಹೇಳಿ, ಗೆಳೆಯ ಒತ್ತಾಯಿಸಿದಾಗ ಬೇಡ ಎನ್ನುವ ಸಂಭಾಷಣೆಯನ್ನು ಮಕ್ಕಳಿಂದಲೇ ಬರೆಯಿಸಿ ಆಡಿಸಿ. ನಾಟಕ ಚೆನ್ನಾಗಿ ಬಂದರೆ ಪ್ರತಿಭಾ ಕಾರಂಜಿಗೂ ಆಯಿತು.

ಕೊಯ್ಲಿನ ಕಾಲಕ್ಕೆ ಎರಡು ಚುಟುಕು ಪಾಠ

ಹಾವು: ಗಾಯ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ, 108ಕ್ಕೆ ಕರೆ. ಹಾವನ್ನು ಹಿಡಿದು ತರುವ ಸಾಹಸ ಬೇಡ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಾಯಿ: ಕಚ್ಚಿದ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆ. ಅರಿಶಿನ, ಕಾಫಿ ಪುಡಿ ಏನನ್ನೂ ಹಚ್ಚಬಾರದು. ಇವೆರಡನ್ನೂ ಪಾಠ ಮಾಡಬೇಡಿ, ಅಭಿನಯಿಸಿ.

ಆಟದ ಪೀರಿಯಡ್ ಆಟಕ್ಕೇ

ಹದಿಹರೆಯದವರಿಗೆ ದಿನಕ್ಕೆ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬಕ್ಕೆ ಮನೆಮಂದಿಯೆಲ್ಲ ಸ್ಟಿಕ್ ಹಿಡಿದು ಬರುವ ಜಿಲ್ಲೆಯಲ್ಲಿ, ಹತ್ತನೇ ತರಗತಿಯ ಆಟದ ಪೀರಿಯಡ್ ಜನವರಿಯಲ್ಲಿ ಗಣಿತಕ್ಕೆ ಹೋಗುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಅದೇ ತಿಂಗಳಲ್ಲಿ ನಿದ್ದೆಯ ದಿನಚರಿಯೊಂದನ್ನೂ ಬರೆಯಿಸಿ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಓದಿಸುವ ಪೋಷಕರಿಗೆ ಮಗುವಿನ ದಿನಚರಿಯ ಹಾಳೆ ತೋರಿಸಿ ಮಾತಾಡಿ.

ಅಂಕ ಕೊಡುವಾಗ

ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳನ್ನು ಹೇಗೂ ಮಾಡಿಸಬೇಕು. ಅಂಟಿಸಿದ ಚಿತ್ರಗಳ ಆಲ್ಬಮ್ ಬದಲು ಮೇಲಿನ ಆಲೇಖ, ಪ್ರಯೋಗದ ವರದಿ, ಸಂದರ್ಶನ, ಪತ್ರಗಳನ್ನೇ ಆಯಾ ವಿಷಯದ ಶಿಕ್ಷಕರು ಪರಿಗಣಿಸಲಿ. ಅಂಕ ಕೆಲಸಕ್ಕೆ, ಮೈಗಲ್ಲ. ತೂಕ, ಎತ್ತರ, ಹಿಮೋಗ್ಲೋಬಿನ್, ಯಾರು ಎಷ್ಟು ಮಾತ್ರೆ ನುಂಗಿದರು, ಇವು ಯಾವುವೂ ಅಂಕಪಟ್ಟಿಯ ಹತ್ತಿರ ಸುಳಿಯಕೂಡದು, ಗೋಡೆಗೂ ಏರಕೂಡದು.

ಮಾರ್ಚ್‌ನಲ್ಲಿ ಒಂದೇ ಕಡತ ಕಟ್ಟಿ. ಹೆಸರಿಲ್ಲದ ಗೈರುಹಾಜರಿಯ ಆಲೇಖಗಳು, ಮಳೆಯ ಲೆಕ್ಕ, ಅಂಗಡಿಗಳ ನಕ್ಷೆ, ಉತ್ತರ ಹೇಳಲಾಗದೆ ಉಳಿದ ಪ್ರಶ್ನೆಪೆಟ್ಟಿಗೆಯ ಚೀಟಿಗಳು, ಆರೋಗ್ಯ ಕೇಂದ್ರದಲ್ಲಿ ಯಾರನ್ನು ಕಾಣಬೇಕೆಂಬ ಮಾಹಿತಿ ಅದರಲ್ಲಿರಲಿ. ವರ್ಗಾವಣೆ ಬೇಸಿಗೆಯಲ್ಲೇ ಬರುವುದರಿಂದ ಅದನ್ನು ನಿಮ್ಮ ಬೀರುವಿನಲ್ಲಿಡದೆ ಮುಖ್ಯ ಶಿಕ್ಷಕರ ಕೈಗೆ ಕೊಟ್ಟು ಸಹಿ ಪಡೆಯಿರಿ. ಜೂನ್‌ನಲ್ಲಿ ಹೊಸದಾಗಿ ಬಂದವರು ಎರಡನೇ ವರ್ಷದ ಆಲೇಖವನ್ನು ಮೊದಲನೆಯದರ ಮೇಲೆ ಇಟ್ಟು ನೋಡಲು ಅಷ್ಟು ಸಾಕು.